ಬಟನ್ ಕೀಲಿಮಣೆಯ ಫೋನೋ, ಟಚ್ ಫೋನೋ? ಕರಾವಳಿಯ ಮಳೆಯಲ್ಲಿ ಕನ್ನಡ ಬರೆದು ನೋಡಿದ ಹೋಲಿಕೆ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿಯವರೆಗೆ ಸುದ್ದಿ ಬರೆಯೋದು ನನ್ನ ಕೆಲಸ. ಸುದ್ದಿ ಸಿಕ್ಕ ಜಾಗದಲ್ಲೇ ನಿಂತು ಬರೆದು ಕಳಿಸಬೇಕು. ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುವಷ್ಟು ಜಾಗ, ಪುರುಸೊತ್ತು ಎರಡೂ ಕಡಿಮೆ. ಹಾಗಾಗಿ ಬರವಣಿಗೆ ಎಲ್ಲಾ ಫೋನಿನಲ್ಲೇ. ಎಲ್ಲರೂ ಟಚ್‌ಗೆ ಹೋದ ಮೇಲೂ ನಾನು ಬಟನ್ ಕೀಲಿಮಣೆಯ ಸ್ಮಾರ್ಟ್‌ಫೋನ್ ಬಿಟ್ಟಿಲ್ಲ. "ಇನ್ನೂ ಇದನ್ನೇ ಇಟ್ಕೊಂಡಿದೀರಾ?" ಅಂತ ಕೇಳುವವರು ದಿನಾ ಸಿಗ್ತಾರೆ. ಅವರಿಗೆ ಕೊಡುವ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಹೋಲಿಕೆಗೆ ತೆಗೆದುಕೊಂಡದ್ದು ಇವು. ಬ್ಲ್ಯಾಕ್‌ಬೆರಿ ಕೀಒನ್, ಯುನಿಹರ್ಟ್ಜ್ ಟೈಟನ್ ಎಂಬ ಎರಡು ಬಟನ್ ಫೋನ್, ಮನೆಮನೆಯಲ್ಲಿ ಇರುವಂಥ ಆರೂವರೆ ಇಂಚಿನ ಟಚ್ ಫೋನ್, ಅದೇ ಟಚ್ ಫೋನಿಗೆ ಜೋಡಿಸಿದ ಮಡಚುವ ಬ್ಲೂಟೂತ್ ಕೀಬೋರ್ಡ್. ನಾಲ್ಕರಲ್ಲೂ ಒಂದು ಮಳೆಗಾಲ, ಒಂದು ಬೇಸಿಗೆ ಸುದ್ದಿ ಬರೆದಿದ್ದೇನೆ.

ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ನೋಕಿಯಾ ಇ63. 2008ರಲ್ಲಿ ಬಂದ ಫೋನ್. ಸ್ಪೇಸ್ ಬಟನ್ ಒತ್ತಿ ಹಿಡಿದರೆ ಟಾರ್ಚ್ ಹೊತ್ತಿಕೊಳ್ಳುತ್ತಿತ್ತು. ಕರೆಂಟ್ ಹೋದ ರಾತ್ರಿಗಳಲ್ಲಿ ಅದೊಂದೇ ಕಾರಣಕ್ಕೆ ಮನೆಯವರೆಲ್ಲ ಅದನ್ನು ಹುಡುಕುತ್ತಿದ್ದರು. ಆದರೆ ಅದರಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಒಪೆರಾ ಮಿನಿಯ ಒಳಗಿನ ಸೆಟ್ಟಿಂಗ್‌ಗೆ ಹೋಗಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಬೇಕಿತ್ತು. ಬರೆಯುವ ಮಾತಂತೂ ಇರಲಿಲ್ಲ. 2017ರಲ್ಲಿ ಅಂಥ ಫೋನುಗಳಿಗೆ ವಾಟ್ಸ್ಆ್ಯಪ್ ನಿಂತಿತು. ಇ63 ಕಪಾಟು ಸೇರಿತು.

ಅದೇ 2017ರ ಆಗಸ್ಟ್‌ನಲ್ಲಿ ಕೀಒನ್ ಭಾರತಕ್ಕೆ ಬಂತು. ಬೆಲೆ 39,990 ರೂಪಾಯಿ. ನಾನು ಕೊಂಡದ್ದು ಆಮೇಲೆ, ಹುಬ್ಬಳ್ಳಿಯಲ್ಲಿ, ಸೆಕೆಂಡ್ ಹ್ಯಾಂಡ್. ನಾಲ್ಕೂವರೆ ಇಂಚಿನ ಪರದೆ, ಅದರ ಕೆಳಗೆ ಬಟನ್‌ಗಳು. ಒಳಗಿರುವುದು ಆಂಡ್ರಾಯ್ಡ್. ಹಾಗಾಗಿ ಕನ್ನಡ ಸರಿಯಾಗಿ ಕಾಣುತ್ತದೆ. ಬಟನ್‌ನಿಂದ ಕನ್ನಡ ಮೂಡಿಸಲು ಮಾತ್ರ ಸ್ವಲ್ಪ ಒದ್ದಾಟ ಇದೆ. ಪ್ಲೇಸ್ಟೋರಿನಲ್ಲಿ ಸಿಗುವ ಕನ್ನಡ ಕೀಬೋರ್ಡ್‌ಗಳಲ್ಲಿ ಜಾಸ್ತಿ ಪಾಲು ಪರದೆ ಮುಟ್ಟಿ ಬರೆಯುವವರಿಗಾಗಿಯೇ ಮಾಡಿದ್ದು. ಬಟನ್ ಒತ್ತಿದರೂ ಕನ್ನಡ ಕೊಡುವ ಆ್ಯಪ್ ಹುಡುಕಿ ಹಾಕಿಕೊಳ್ಳಬೇಕು. ಒಮ್ಮೆ ಹಾಕಿಕೊಂಡರೆ ಆಯ್ತು, ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಕನ್ನಡ ಬರೆದು ರೂಢಿ ಇರುವ ಬೆರಳಿಗೆ ಅದು ಮನೆಯೇ.

ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯಲ್ಲಿ ಇರುವುದು. ಅದರ ಚೆಂದ ಗೊತ್ತಾಗೋದು ಇಂಥ ಸಣ್ಣ ಬಟನ್‌ಗಳ ಮೇಲೆ. ಇಪ್ಪತ್ತಾರು ಕೀಲಿ, ಒಂದು ಶಿಫ್ಟ್. ಇಷ್ಟರಲ್ಲಿ ಇಡೀ ಕನ್ನಡ ಕೂರುತ್ತದೆ. ಹೊನ್ನಾವರ ಬರೆಯಬೇಕು ಅಂತಿಟ್ಟುಕೊಳ್ಳಿ. ಎಚ್, ಓ, ಎನ್, ಆಮೇಲೆ ಒತ್ತು ಕೊಡಲು ಎಫ್, ಮತ್ತೆ ಎನ್, ಶಿಫ್ಟ್ ಜೊತೆ ಎ, ವಿ, ಆರ್. ಮುಗೀತು. ಯಾವ ಪಟ್ಟಿಯಿಂದಲೂ ಪದ ಆರಿಸಬೇಕಿಲ್ಲ. ಒತ್ತಿದ್ದೇ ಬರುತ್ತದೆ.

ಬೇಲೇಕೇರಿ ಬರೆದು ನೋಡಿ, ಕೀಒನ್ ಯಾಕೆ ಇಷ್ಟ ಅಂತ ತಿಳಿಯುತ್ತದೆ. ಅದರಲ್ಲಿ ಏಕಾರ ಮೂರು ಸಲ ಬರುತ್ತದೆ. ಅಂದರೆ ಇಂಗ್ಲಿಷಿನ ಇ (E) ಅಕ್ಷರದ ಕೀಲಿಯನ್ನು ಮೂರು ಸಲ ಶಿಫ್ಟ್ ಜೊತೆ ಒತ್ತಬೇಕು. ಆ ಕೀಲಿ ಇರುವುದು ಎಡಗಡೆ, ಎಡ ಹೆಬ್ಬೆರಳಿನ ಪಾಲಿಗೆ. ಕೀಒನ್‌ನ ಕೆಳಗಿನ ಸಾಲಿನಲ್ಲಿ ಎರಡೂ ತುದಿಗೆ ಒಂದೊಂದು ಶಿಫ್ಟ್ ಇದೆ. ಬಲ ಹೆಬ್ಬೆರಳು ಶಿಫ್ಟ್ ಮುಟ್ಟಿ ಬಿಡುತ್ತದೆ, ಎಡ ಹೆಬ್ಬೆರಳು ಅಕ್ಷರ ಒತ್ತುತ್ತದೆ. ಶಿಫ್ಟ್ ಹಿಡಿದುಕೊಂಡೇ ಇರಬೇಕಿಲ್ಲ. 2018ರಲ್ಲಿ ಬಂದ ಬ್ಲ್ಯಾಕ್‌ಬೆರಿಯ ಮುಂದಿನ ಫೋನ್ ಕೀ2ನಲ್ಲಿ ಬಟನ್‌ಗಳು ಇನ್ನೂ ಎತ್ತರ, ಒತ್ತಲು ಇನ್ನೂ ಚೆನ್ನ. ಆದರೆ ಬಲಗಡೆಯ ಶಿಫ್ಟ್ ತೆಗೆದು ಅಲ್ಲಿ ಆ್ಯಪ್‌ಗಳನ್ನು ತಟ್ಟನೆ ತೆರೆಯುವ ಸ್ಪೀಡ್ ಕೀ ಇಟ್ಟರು. ಇಂಗ್ಲಿಷ್ ಬರೆಯುವವರಿಗೆ ಅದರಿಂದ ನಷ್ಟವೇನೂ ಇಲ್ಲ. ದೀರ್ಘಕ್ಕೆ, ಮಹಾಪ್ರಾಣಕ್ಕೆ, ಅನುಸ್ವಾರಕ್ಕೆ, ಣ-ಳಗಳಿಗೆ ಎಲ್ಲಾ ಶಿಫ್ಟ್ ಬೇಡುವ ಕನ್ನಡಕ್ಕೆ ನಷ್ಟವೇ. ಅದಕ್ಕೇ ಹೊಸದು ಬಂದರೂ ನಾನು ಹಳೆಯದರಲ್ಲೇ ಉಳಿದೆ.

ಟಚ್ ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಬಳಸಿದೆ. ಕನ್ನಡ ಅಕ್ಷರಗಳ ಕೀಲಿಮಣೆ ಹಾಕಿಕೊಂಡರೆ, ಒಂದು ವ್ಯಂಜನ ಮುಟ್ಟಿದ ಕೂಡಲೇ ಅದರ ಕಾಗುಣಿತ ಮೇಲೆ ಬರುತ್ತದೆ. ಜಾಣ ಏರ್ಪಾಡು, ಹೊಸಬರಿಗೆ ತುಂಬಾ ಅನುಕೂಲ. ಆದರೆ ಪ್ರತಿ ಅಕ್ಷರಕ್ಕೂ ಕಣ್ಣು ಅಲ್ಲೇ ಇರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡಿಸಿಕೊಳ್ಳುವ ದಾರಿ ಬಹಳ ಜನರಿಗೆ ರೂಢಿ. ಮಾಮೂಲಿ ಮಾತಿಗೆ ಅದು ನಿಜಕ್ಕೂ ಬೇಗ. "ನಾಳೆ ಬರ್ತೀನಿ" ಅನ್ನೋದನ್ನು ನನ್ನ ತಂಗಿ ಅದರಲ್ಲಿ ಬರೆಯುವ ವೇಗಕ್ಕೆ ನಾನು ಬಟನ್ ಒತ್ತಿ ಸರಿಗಟ್ಟಲಾರೆ. ಊರಿನ ಹೆಸರು, ಅಡಿಕೆಯ ಜಾತಿ, ಮೀನಿನ ಹೆಸರು ಬಂದಾಗ ಮಾತ್ರ ಅದು ತಡವರಿಸುತ್ತದೆ. ಲ, ಳ ಎರಡಕ್ಕೂ ಒಂದೇ ಎಲ್. ನ, ಣ ಎರಡಕ್ಕೂ ಒಂದೇ ಎನ್. ಮೊದಲು ತೋರಿಸಿದ ಪದ ಬೇರೆ ಇರುತ್ತದೆ, ಅವಸರದಲ್ಲಿ ಅದೇ ಹೋಗಿಬಿಡುತ್ತದೆ. ಸುದ್ದಿಯಲ್ಲಿ ಊರಿನ ಹೆಸರು ತಪ್ಪಿದರೆ ಓದುವವರು ಸುಮ್ನೆ ಬಿಡೋದಿಲ್ಲ, ಬಿಡಲೂಬಾರದು.

ಇನ್ನು ಮಳೆ. ನಮ್ಮ ಕಡೆ ಫೋನ್ ಹೋಲಿಸುವವರು ಇದನ್ನೇ ಮೊದಲು ನೋಡಬೇಕು. ಟಚ್ ಪರದೆ ಬೆರಳನ್ನು ಗುರುತಿಸುವುದು ವಿದ್ಯುತ್ತಿನ ಸಣ್ಣ ವ್ಯತ್ಯಾಸದಿಂದ. ನೀರಿಗೂ ಆ ವ್ಯತ್ಯಾಸ ಮಾಡುವ ಗುಣ ಇದೆ. ಹಾಗಾಗಿ ಪರದೆಯ ಮೇಲೆ ನಾಲ್ಕು ಹನಿ ಬಿದ್ದರೆ ಫೋನಿಗೆ ಹನಿ ಯಾವುದು, ಬೆರಳು ಯಾವುದು ಅಂತ ತಿಳಿಯೋದಿಲ್ಲ. ಅಕ್ಷರ ತಾನಾಗಿ ಬೀಳುತ್ತದೆ, ಇಲ್ಲಾ ಏನೂ ಬೀಳೋದಿಲ್ಲ. ಅಂಗಿಯ ತುದಿಗೆ ಒರೆಸಿಕೊಳ್ಳೋಣ ಅಂದರೆ ಜುಲೈನಲ್ಲಿ ಅಂಗಿಯೂ ಒದ್ದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೆ ಇಳಿದಿತ್ತು. ಆಮೇಲಿನ ದಿನಗಳಲ್ಲಿ ಅಲ್ಲಿ ಮಳೆಯಲ್ಲೇ ನಿಂತು ಬರೆದದ್ದು ಜಾಸ್ತಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೀಒನ್. ಒದ್ದೆ ಹೆಬ್ಬೆರಳಿಗೂ ಪ್ರತಿ ಬಟನ್ನಿನ ಅಂಚು ಸಿಗುತ್ತಿತ್ತು, ಒತ್ತಿದ್ದು ಬೀಳುತ್ತಿತ್ತು. ಬಟನ್‌ಗಳ ಮೇಲೆ ಬೆರಳು ಸವರಿ ಪುಟ ಸರಿಸುವ ಸೌಲಭ್ಯ ಮಾತ್ರ ಕೈಕೊಟ್ಟಿತು. ಆ ಮೇಲ್ಮೈ ಕೂಡ ಟಚ್ ಆಗಿರುವುದರಿಂದ ನೀರಿಗೆ ಪುಟ ತಾನೇ ಓಡುತ್ತಿತ್ತು. ಬರೆಯೋದಕ್ಕೆ ಅದರಿಂದ ಅಡ್ಡಿ ಆಗಲಿಲ್ಲ.

ಧ್ವನಿಯಿಂದ ಬರೆಸುವ ವಿಷಯವೂ ಇಲ್ಲೇ ಹೇಳಬೇಕು. ಗೂಗಲ್ 2017ರಲ್ಲೇ ಕನ್ನಡಕ್ಕೆ ಈ ಸೌಲಭ್ಯ ತಂದಿತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದರೆ ಅಚ್ಚರಿ ಆಗುವಷ್ಟು ಚೆನ್ನಾಗಿ ಬರೆದುಕೊಳ್ಳುತ್ತದೆ. ಬೈತಖೋಲದ ಬಂದರಿನಲ್ಲಿ ಬೋಟುಗಳ ಸದ್ದು, ಮೀನು ಹರಾಜಿನ ಕೂಗು ಇರುವಾಗ ಆಗೋದಿಲ್ಲ. ಶಿರೂರಿನಲ್ಲಿ ಸದ್ದಿನ ತೊಂದರೆ ಇಲ್ಲದಿದ್ದರೂ ನಾನು ಅದನ್ನು ಬಳಸುತ್ತಿರಲಿಲ್ಲ. ಮನೆಯವರು ಇನ್ನೂ ಸಿಗದೆ ನದಿ ಕಡೆ ನೋಡುತ್ತಾ ನಿಂತವರು ಎರಡು ಮಾರು ದೂರದಲ್ಲಿ ಇರುತ್ತಾರೆ. ಅವರ ಎದುರು ಸತ್ತವರ ಲೆಕ್ಕವನ್ನು ಫೋನಿಗೆ ಗಟ್ಟಿಯಾಗಿ ಹೇಳೋದು ಹೇಗೆ? ಬಟನ್ ಇದ್ದರೆ ತಲೆ ತಗ್ಗಿಸದೆ, ದನಿ ಎತ್ತದೆ, ಎದುರಿನವರ ಮುಖ ನೋಡುತ್ತಲೇ ಬರೆದುಕೊಳ್ಳಬಹುದು. ಮಾತಾಡುವವರಿಗೆ ನಾವು ಫೋನ್ ನೋಡ್ತಾ ಇದ್ದೇವೆ ಅನ್ನಿಸೋದಿಲ್ಲ. ನನಗೆ ಬಟನ್ ಮೇಲಿರುವ ನಿಷ್ಠೆಗೆ ವೇಗಕ್ಕಿಂತ ದೊಡ್ಡ ಕಾರಣ ಇದು.

ಟೈಟನ್‌ಗೆ ಬರೋಣ. 2019ರಲ್ಲಿ ಜನರಿಂದಲೇ ಹಣ ಕೂಡಿಸಿ ಶುರು ಮಾಡಿದ ಫೋನ್. ಇಲ್ಲಿನ ಅಂಗಡಿಗಳಲ್ಲಿ ಸಿಗೋದಿಲ್ಲ. ಭಟ್ಕಳದ ಗೆಳೆಯರೊಬ್ಬರು ದುಬೈನಿಂದ ಬರುವಾಗ ತಂದುಕೊಟ್ಟರು. ಚೌಕಾಕಾರದ 4.6 ಇಂಚಿನ ಪರದೆ, 6000 ಎಂಎಎಚ್ ಬ್ಯಾಟರಿ, ತೂಕ 303 ಗ್ರಾಂ. ಅಂಗಿ ಜೇಬಿಗೆ ಹಾಕಿದರೆ ಜೇಬು ಜೋತು ಬೀಳುತ್ತದೆ. ಆದರೆ ಐಪಿ67 ರಕ್ಷಣೆ ಇದೆ, ಅಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗಬಾರದು. ಕೀಒನ್‌ಗೆ ಆ ಭರವಸೆ ಇಲ್ಲ. ಕೀಒನ್ ಮಳೆಯಲ್ಲಿ ಬರೆಯುತ್ತದೆ ನಿಜ, ಆದರೆ ಪ್ರತಿ ಸಲ ಜೀವ ಕೈಯಲ್ಲಿ ಹಿಡಿದುಕೊಂಡೇ ಬರೆಯಬೇಕು. ಟೈಟನ್ ಹಿಡಿದರೆ ಆ ಹೆದರಿಕೆ ಇಲ್ಲ. ಬ್ಯಾಟರಿಯೂ ಅಷ್ಟೇ, ಎರಡು ದಿನ ಚಾರ್ಜರ್ ನೆನಪಾಗೋದಿಲ್ಲ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹುಡುಕುತ್ತಾ ಬೇರೆ ಫೋನುಗಳ ಬ್ಯಾಟರಿ ಇಳಿದುಹೋಗುತ್ತದೆ. ಅಂಥ ದಿನಗಳಲ್ಲಿ ಟೈಟನ್‌ನ ತೂಕವನ್ನು ಕ್ಷಮಿಸಿಬಿಡುತ್ತೇನೆ.

ಬರೆಯುವ ಸುಖದಲ್ಲಿ ಅದು ಕೀಒನ್‌ಗೆ ಸಮ ಅಲ್ಲ. ಬಟನ್‌ಗಳು ಬಿಗಿ, ಫೋನ್ ಅಗಲ. ಒಂದೇ ಕೈಯಲ್ಲಿ ಹಿಡಿದು ಆ ಕಡೆಯ ತುದಿಗೆ ಹೆಬ್ಬೆರಳು ಮುಟ್ಟಿಸೋದು ಕಷ್ಟ. ಕೊಡೆ ಹಿಡಿದವರಿಗೆ ಅದು ದೊಡ್ಡ ಕೊರತೆಯೇ.

ಶಿರಸಿಯ ಅಡಿಕೆ ದರ ಕಳಿಸುವಾಗ ಪರೀಕ್ಷೆ ಬೇರೆ ಥರದ್ದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಎಲ್ಲಾ ಐದಂಕಿಯ ಸಂಖ್ಯೆಗಳು. ಒಂದಂಕಿ ಆಚೀಚೆ ಆದರೆ ಮರುದಿನ ಮಾಲು ತರುವ ಬೆಳೆಗಾರರ ಲೆಕ್ಕ ತಪ್ಪುತ್ತದೆ. ಬ್ಲ್ಯಾಕ್‌ಬೆರಿಯಲ್ಲಿ ಅಂಕಿಗಳು ಎಡಗಡೆ ಅಕ್ಷರಗಳ ಮೇಲೆ ಹಳೆಯ ಫೋನಿನ ಡಯಲ್ ಥರ ಜೋಡಿಸಿವೆ. ಡಬ್ಲ್ಯು, ಇ, ಆರ್ ಮೇಲೆ ಒಂದು, ಎರಡು, ಮೂರು. ಅದರ ಕೆಳಗಿನ ಸಾಲಿನಲ್ಲಿ ನಾಲ್ಕು, ಐದು, ಆರು. ಅದಕ್ಕೂ ಕೆಳಗೆ ಏಳು, ಎಂಟು, ಒಂಬತ್ತು. ಆಲ್ಟ್ ಎರಡು ಸಲ ಒತ್ತಿದರೆ ಅಂಕಿ ಲಾಕ್ ಆಗುತ್ತದೆ. ಕಣ್ಣು ದರದ ಪಟ್ಟಿಯ ಮೇಲೆ, ಎಡ ಹೆಬ್ಬೆರಳು ಅಂಕಿಯ ಮೇಲೆ. ಟಚ್ ಫೋನಿನಲ್ಲೂ ಅಂಕಿಯ ಸಾಲನ್ನು ಕಾಯಂ ಇಟ್ಟುಕೊಳ್ಳಬಹುದು, ವೇಗವೂ ಬರುತ್ತದೆ. ಆದರೆ ಪಟ್ಟಿ ನೋಡೋದು, ಪರದೆ ನೋಡೋದು, ಮತ್ತೆ ಪಟ್ಟಿ ನೋಡೋದು. ತಪ್ಪು ನುಸುಳುವುದು ಈ ನಡುವೆಯೇ.

ಬರೆದದ್ದನ್ನು ತಿರುಗಿ ಓದುವಾಗಲೂ ನನಗೆ ಬಟನ್ ಫೋನೇ ಹಿತ. ಟಚ್ ಫೋನಿನ ಪರದೆ ದೊಡ್ಡದು, ಆದರೆ ಕೀಲಿಮಣೆ ಎದ್ದು ನಿಂತರೆ ಅರ್ಧ ಹೋಗುತ್ತದೆ. ಕನ್ನಡಕ್ಕೆ ಸಾಲಿನ ಎತ್ತರವೂ ಜಾಸ್ತಿ ಬೇಕು, ಕೆಳಗೆ ಒತ್ತಕ್ಷರ ಇಳಿಯುತ್ತದಲ್ವಾ? ಕೀಒನ್‌ನ ಪುಟ್ಟ ಪರದೆ ಪೂರ್ತಿ ಬರವಣಿಗೆಗೇ ಉಳಿಯುತ್ತದೆ.

ಬ್ಲೂಟೂತ್ ಕೀಬೋರ್ಡ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮೇಜು ಇದ್ದರೆ ನಾಲ್ಕರಲ್ಲಿ ಎಲ್ಲಕ್ಕಿಂತ ಬೇಗ ಬರೆಯೋದು ಅದರಲ್ಲೇ. ಕುಮಟಾದ ಹೋಟೆಲಿನಲ್ಲಿ ಚಹಾ ಬರುವಷ್ಟರಲ್ಲಿ ಒಂದು ಸುದ್ದಿ ಮುಗಿಸಬಹುದು. ನಿಂತಲ್ಲಿ ಅದು ಕೆಲಸಕ್ಕೆ ಬಾರದು.

ಟಚ್ ಫೋನ್ ಗೆಲ್ಲುವ ಜಾಗಗಳನ್ನೂ ಪೂರ್ತಿ ಒಪ್ಪಬೇಕು. ಕೀಒನ್ ಆಂಡ್ರಾಯ್ಡ್ 8.1ಕ್ಕೆ ನಿಂತುಬಿಟ್ಟಿದೆ, ಭದ್ರತೆಯ ಅಪ್‌ಡೇಟ್ ಬರುವುದೂ ನಿಂತು ಕಾಲವಾಯಿತು. ಹಾಗಾಗಿ ಹಣದ ವ್ಯವಹಾರಕ್ಕೆ ಅದನ್ನು ಮುಟ್ಟೋದಿಲ್ಲ. ಫೋಟೊ, ವಿಡಿಯೊದಲ್ಲೂ ಇವತ್ತಿನ ಸಾಧಾರಣ ಟಚ್ ಫೋನ್ ಮುಂದಿದೆ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿದ್ದಾಗ ಚಿತ್ರ ತೆಗೆದದ್ದು ಟಚ್ ಫೋನಿನಲ್ಲಿ, ಸುದ್ದಿ ಬರೆದದ್ದು ಕೀಒನ್‌ನಲ್ಲಿ. ನನ್ನ ಮಟ್ಟಿಗೆ ಈ ಎರಡು ಫೋನಿನ ಜೋಡಿಯೇ ಸರಿ, ಮಳೆಗಾಲದ ಮೂರು ತಿಂಗಳು ಕೀಒನ್ ಜಾಗದಲ್ಲಿ ಟೈಟನ್. ಒಂದೇ ಫೋನ್ ಇಟ್ಟುಕೊಳ್ಳುವವರು, ದಿನಕ್ಕೆ ನಾಲ್ಕು ಸಾಲು ವಾಟ್ಸ್ಆ್ಯಪ್ ಬರೆಯುವವರು ಟಚ್ ತಗೊಳ್ಳಿ, ಯೋಚನೆ ಬೇಡ. ಪುಟಗಟ್ಟಲೆ ಕನ್ನಡ ಬರೆಯುವವರು, ನುಡಿ ಬೆರಳಿಗೆ ಹತ್ತಿದವರು ಒಮ್ಮೆಯಾದರೂ ಬಟನ್ ಫೋನ್ ಹಿಡಿದು ನೋಡಲೇಬೇಕು. 2025ರಲ್ಲಿ ಯುನಿಹರ್ಟ್ಜ್‌ನವರೇ ಟೈಟನ್ 2 ತಂದಿದ್ದಾರೆ, 5ಜಿ ಇದೆ, ಆಂಡ್ರಾಯ್ಡ್ 15 ಇದೆ. ಬಟನ್ ಫೋನ್ ಮಾಡುವವರು ಇನ್ನೂ ಇದ್ದಾರೆ ಅನ್ನೋದೇ ಖುಷಿ.

ಹಳೆ ಕೀಒನ್ ಕೊಳ್ಳುವುದಾದರೆ ಫೋಟೊ ನೋಡಿ ಹಣ ಕಳಿಸಬೇಡಿ, ಕೈಗೆ ತಗೊಂಡು ನೋಡಿ. ಮೊದಲು ಸ್ಪೇಸ್ ಬಟನ್, ಯಾಕೆಂದರೆ ಬೆರಳಚ್ಚು ಓದುವ ಸೆನ್ಸರ್ ಅದರೊಳಗೇ ಇದೆ. ಆಮೇಲೆ ಎರಡೂ ಶಿಫ್ಟ್. ಚಾರ್ಜಿಂಗ್ ಕಿಂಡಿಗೆ ಟಾರ್ಚ್ ಬಿಟ್ಟು ಹಸಿರು ಕಿಲುಬು ಇದೆಯಾ ಅಂತ ನೋಡಿ, ಕರಾವಳಿಯಲ್ಲಿ ಓಡಾಡಿದ ಫೋನಾದರೆ ಉಪ್ಪು ಗಾಳಿ ಮೊದಲು ತಿನ್ನುವುದು ಅಲ್ಲೇ. ಕೊನೆಗೆ ಅಂಗಡಿಯಲ್ಲೇ ನಿಂತು ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ, ಯಾವ ಬಟನ್ ಅಂಟುತ್ತದೆ, ಯಾವುದು ಎರಡು ಸಲ ಬೀಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.