ಐವತ್ತು ದಾಟಿದ ಕಾಲಿಗೆ ಯಾವ ನೆಲ: ಕಾರವಾರದ ಮರಳೋ, ಹೆದ್ದಾರಿಯ ಡಾಂಬರೋ, ಶಿರಸಿಯ ಬೇಣವೋ

ಹುಲ್ಲು, ಏರು, ಅಸಮ ನೆಲದ ಮೇಲಿನ ಓಟವಾದ ಕ್ರಾಸ್ ಕಂಟ್ರಿಗೆ ತಯಾರಾಗುವ ಇಪ್ಪತ್ತೈದರ ಹುಡುಗ ಎಲ್ಲಿ ಓಡಿದರೂ ನಡೆಯುತ್ತದೆ. ಇವತ್ತು ಹಿಡಿದುಕೊಂಡ ಕಾಲು ನಾಳೆ ಬಿಡುತ್ತದೆ. ಐವತ್ತು ದಾಟಿದವರಿಗೆ ಹಾಗಲ್ಲ, ನೆಲ ಸರಿಯಾಗಿ ಆರಿಸಿಕೊಂಡರೆ ಅರ್ಧ ತರಬೇತಿ ಮುಗಿದಂತೆ. ಉತ್ತರ ಕನ್ನಡದಲ್ಲಿ ಆಯ್ಕೆಗೆ ಬರವಿಲ್ಲ: ಕಡಲತೀರ, ಹೆದ್ದಾರಿ, ಘಟ್ಟದ ಕಾಡುದಾರಿ, ಮೇಲೆ ಶಿರಸಿ ಕಡೆಯ ಹುಲ್ಲಿನ ಬೇಣ. ಇವುಗಳಲ್ಲಿ ಒಂದೇ ಬಗೆಯ ಕೆಲಸವನ್ನು, ಅಂದರೆ ಇಪ್ಪತ್ತು ನಿಮಿಷದ ಬಿಗಿ ಓಟ ಮತ್ತು ಮೂರು ಮೂರು ನಿಮಿಷದ ಆರು ಜೋರು ಓಟ, ಮಾಡಿ ಹೋಲಿಸಿದ್ದು ಇದು. ಅಳತೆಗೋಲು ಒಂದೇ: ಮರುದಿನ ಹಾಸಿಗೆ ಬಿಟ್ಟು ಇಡುವ ಮೊದಲ ಹತ್ತು ಹೆಜ್ಜೆ ಹೇಗಿವೆ, ಮತ್ತೆ ಜೋರಾಗಿ ಓಡಲು ಎಷ್ಟು ದಿನ ಬೇಕಾಯಿತು.

ವೇಗವನ್ನು ಎಲ್ಲ ನೆಲಕ್ಕೂ ಒಂದೇ ಇಟ್ಟುಕೊಂಡರೆ ಹೋಲಿಕೆ ಕೆಡುತ್ತದೆ. ಆದ್ದರಿಂದ ನಾಡಿಬಡಿತವನ್ನು ಹಿಡಿದು ಓಡಬೇಕು. 220ರಿಂದ ವಯಸ್ಸು ಕಳೆಯುವ ಹಳೆಯ ಲೆಕ್ಕ ವಯಸ್ಸಾದವರಿಗೆ ಗರಿಷ್ಠ ಬಡಿತವನ್ನು ಕಡಿಮೆ ತೋರಿಸುತ್ತದೆ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು ಮೇಲು: 55ರವರಿಗೆ ಸುಮಾರು 170. ಅದರ ಮುಕ್ಕಾಲರೊಳಗೆ, ಅಂದರೆ 127ರ ಕೆಳಗೆ, ಹಗುರ ಓಟ. 144ರ ಸುಮಾರು ಬಿಗಿ ಓಟ. ಇದೂ ಸರಾಸರಿಯೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದುಂಟು.

ಮರಳು

ಕಡಲತೀರ ಅಂದರೆ ಒಂದು ನೆಲವಲ್ಲ, ಎರಡು. ಒಣ ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದಿದ್ದಾರೆ. ಪಾದ ಊರಿದಾಗ ಮರಳು ಹಿಂದಕ್ಕೆ ಜಾರುತ್ತದೆ, ಹಿಮ್ಮಡಿಯ ಸ್ನಾಯುರಜ್ಜು ಸ್ಪ್ರಿಂಗಿನಂತೆ ಕೊಡಬೇಕಾದ ಪುಟಿತ ಮರಳಲ್ಲೇ ಕಳೆದುಹೋಗುತ್ತದೆ, ಆ ಕೊರತೆಯನ್ನು ಮೀನಖಂಡ ತುಂಬಿಕೊಡಬೇಕು. ಎದೆಗೆ ಒಳ್ಳೆಯ ಕೆಲಸ, ಮಂಡಿಗೆ ಏಟಿಲ್ಲ. ಆದರೆ ಹಿಮ್ಮಡಿ ಪಾತಾಳಕ್ಕೆ ಇಳಿದಷ್ಟೂ ಅಕಿಲಿಸ್ ಎನ್ನುವ ಆ ಹಿಮ್ಮಡಿಯ ರಜ್ಜು ಎಳೆಯುತ್ತದೆ. ಅರವತ್ತರ ಹತ್ತಿರದವರಿಗೆ ಒಣ ಮರಳಲ್ಲಿ ಅರ್ಧ ನಿಮಿಷದ ಆರೆಂಟು ಓಟ ಸಾಕು, ನಡುನಡುವೆ ಒಂದೂವರೆ ನಿಮಿಷ ನಡಿಗೆ. ಇಪ್ಪತ್ತು ನಿಮಿಷ ಒಂದೇ ಸಮ ಓಡುವುದು ಬೇಡವೇ ಬೇಡ.

ಒದ್ದೆ ಮರಳಿನ ಪಟ್ಟಿ ಬೇರೆಯೇ ವಿಷಯ. ಹಿಮ್ಮಡಿಯ ಗುರುತು ಅರ್ಧ ಇಂಚಿಗಿಂತ ಆಳ ಇಳಿಯದಿದ್ದರೆ ಅಲ್ಲಿ ನಲವತ್ತು ನಿಮಿಷದ ಹಗುರ ಓಟ ಸಲೀಸು. ಈ ಪಟ್ಟಿ ಸಿಗುವುದು ಇಳಿತದ ಆಚೀಚೆ ಒಂದೂವರೆ ತಾಸು. ಕಾರವಾರದಲ್ಲಿ ಇದಕ್ಕೆ ಆಪ್ ಬೇಕಿಲ್ಲ, ಪಂಚಾಂಗ ಸಾಕು: ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಿನ ಜಾವ ಐದು–ಆರರ ಸುಮಾರಿಗೆ ನೀರು ಚೆನ್ನಾಗಿ ಇಳಿದು ಟಾಗೋರ್ ತೀರ ಅಗಲವಾಗಿರುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಅಷ್ಟಮಿಯ ಹೊತ್ತಿಗೆ ಅದೇ ಬೆಳಗಿನ ಜಾವಕ್ಕೆ ಭರತ ಬಂದಿರುತ್ತದೆ. ಆ ವಾರ ಮರಳನ್ನು ಮರೆತುಬಿಡಿ.

ತೀರದ ಎಲ್ಲರಿಗೂ ಕಾಣುವ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ತೊಂದರೆ ಅಂದರೆ ಓರೆ. ನೀರಿನ ಕಡೆಯ ಕಾಲು ಸದಾ ತಗ್ಗಿನಲ್ಲಿರುತ್ತದೆ, ಮೇಲಿನ ಕಾಲಿನ ಪಾದ ಒಳಕ್ಕೆ ಮಗ್ಗುಲಾಗುತ್ತದೆ. ಸೊಂಟದಿಂದ ಮಂಡಿಯ ಹೊರಬದಿಗೆ ಇಳಿಯುವ ಪಟ್ಟಿ ಮೊದಲು ದೂರುತ್ತದೆ. ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ಹಿಂದಿರುಗಿ ಬಂದರೆ ಎರಡೂ ಕಾಲಿಗೆ ಸಮ. ಹೋಗುವಾಗ ತೀರ, ಬರುವಾಗ ರಸ್ತೆ ಎಂದು ಮಾಡಿದವರ ನೋವು ಯಾವಾಗಲೂ ಒಂದೇ ಕಾಲಲ್ಲಿ. ಬರಿಗಾಲು ಒಳ್ಳೆಯದೇ, ಐದು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದೈದು ಏರಿಸಿದರೆ. ಮೀನಿನ ರಂಪಣಿ ಬಲೆ ಎಳೆದ ಜಾಗದಲ್ಲಿ ಮಾತ್ರ ಶೂ ಬೇಕು: ಬಲೆಯಿಂದ ಬಿಸಾಡಿದ ಮೀನಿನ ಮುಳ್ಳು ಚುಚ್ಚಿದರೆ ವಾರಗಟ್ಟಲೆ ಕುಂಟಬೇಕಾದೀತು. ಮಳೆಗಾಲದಲ್ಲಿ ಅಲೆ ತೀರವನ್ನೇ ಕೊರೆದು ಮೆಟ್ಟಿಲು ಮಾಡಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನೆಲ ಇಲ್ಲವೆಂದೇ ತಿಳಿಯಬೇಕು.

ಡಾಂಬರು

ಬೈಯುವುದು ಸುಲಭ, ಬಿಡುವುದು ಕಷ್ಟ. ಮಳೆಗಾಲದಲ್ಲಿ ನಂಬಬಹುದಾದ ನೆಲ ಇದೊಂದೇ, ಒಂದು ಕಿಲೋಮೀಟರ್ ಅಂದರೆ ಒಂದೇ ಕಿಲೋಮೀಟರ್ ಆಗಿರುವುದೂ ಇಲ್ಲಿ ಮಾತ್ರ. ಬಿಗಿ ಓಟದ ವೇಗ ಏರಿತೋ ಇಳಿಯಿತೋ ಎಂದು ತಿಳಿಯಲು ಎರಡು–ಮೂರು ವಾರಕ್ಕೊಮ್ಮೆ ಇಲ್ಲಿ ಇಪ್ಪತ್ತು ನಿಮಿಷ ಓಡಬೇಕು. ಅದಕ್ಕಿಂತ ಹೆಚ್ಚು ಬೇಡ; ಪ್ರತಿ ಹೆಜ್ಜೆಯೂ ಒಂದೇ ಥರ ಬೀಳುವುದರಿಂದ ಏಟೂ ಒಂದೇ ಜಾಗಕ್ಕೆ. ಹೆದ್ದಾರಿ 66ರ ಅಂಚಿನಲ್ಲಿ ಮಳೆನೀರು ಹರಿಯಲು ಕೊಟ್ಟ ಇಳಿಜಾರು ಮರಳಿನ ಓರೆಯಷ್ಟೇ ಕೆಟ್ಟದ್ದು. ಲಾರಿಗಳ ಗಾಳಿ ಬೇರೆ. ಊರೊಳಗಿನ ಸಪಾಟು ರಸ್ತೆ ಹುಡುಕಿಕೊಂಡು, ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡುವುದು ಮೇಲು.

ಮೈದಾನದ 400 ಮೀಟರ್ ಸುತ್ತನ್ನು ಪ್ರತ್ಯೇಕವಾಗಿ ತೂಗಲಿಲ್ಲ. ಸದಾ ಎಡಕ್ಕೇ ತಿರುಗುವುದನ್ನು ಬಿಟ್ಟರೆ ಅದು ಡಾಂಬರಿನ ತಮ್ಮನೇ.

ಘಟ್ಟ ಮತ್ತು ಸೊಪ್ಪಿನ ಬೆಟ್ಟ

ದೇವಿಮನೆ ಘಟ್ಟದಂಥ ಏರಿನಲ್ಲಿ ಹತ್ತುವುದು ವಯಸ್ಸಾದವರಿಗೆ ಸಿಗುವ ಅತ್ಯಂತ ಅಗ್ಗದ ಜೋರು ಕೆಲಸ: ವೇಗ ಕಡಿಮೆ, ಏಟು ಕಡಿಮೆ, ಎದೆಬಡಿತ ಮಾತ್ರ ತುದಿಗೆ. ಒಂದರಿಂದ ಒಂದೂವರೆ ನಿಮಿಷದ ಆರು ಏರು, ಕೆಳಗೆ ನಡೆದುಕೊಂಡೇ ಬರುವುದು. ಓಡುತ್ತ ಇಳಿದರೆ ಲಾಭವೆಲ್ಲ ಅಲ್ಲೇ ಸೋರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಅದರಿಂದಾಗುವ ಸಣ್ಣ ಸೀಳುಗಳು ಮಾಯಲು ಹುಡುಗರಿಗೆ ಎರಡು ದಿನ, ನಮಗೆ ನಾಲ್ಕು. ಆದರೂ ಸ್ಪರ್ಧೆಯಲ್ಲಿ ಇಳಿಜಾರು ಇದ್ದೇ ಇರುತ್ತದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಹುಲ್ಲಿನ ಮೇಲೆ ನೂರು ಮೀಟರಿನ ನಾಲ್ಕು ಇಳಿತ, ಚಿಕ್ಕ ಹೆಜ್ಜೆಯಲ್ಲಿ.

ಡಾಂಬರು ಬಿಟ್ಟು ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಕಾಲುದಾರಿಗೆ ಇಳಿದರೆ ಪಾದಕ್ಕೆ ಸುಖ, ಕಣ್ಣಿಗೆ ಕೆಲಸ. ದರಕಿನಡಿ, ಅಂದರೆ ಉದುರಿದ ಒಣ ಎಲೆಯಡಿ, ಬೇರು, ಕಲ್ಲು ಕಾಣುವುದಿಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಚಿರೆಕಲ್ಲು ಎಂಥ ಶೂಗೂ ಹಿಡಿತ ಕೊಡದು, ಮೇಲಾಗಿ ಉಂಬಳ, ಅಂದರೆ ಕಾಡಿನ ಜಿಗಣೆ. ಕಾಲುಚೀಲಕ್ಕೆ ಹೊಗೆಸೊಪ್ಪು–ಸುಣ್ಣ ತಿಕ್ಕಿಕೊಂಡರೆ ಹತ್ತುವುದು ಕಡಿಮೆ. ಕಚ್ಚಿದ ಮೇಲೆ ರಕ್ತ ಬೇಗ ನಿಲ್ಲದು, ಹೆಪ್ಪುಗಟ್ಟಲು ಬಿಡದ ರಸವನ್ನು ಅದು ಬಿಟ್ಟಿರುತ್ತದೆ. ಒತ್ತಿ ಹಿಡಿದರೆ ಸಾಕು, ಗಾಬರಿ ಬೇಡ.

ಗಾಬರಿ ಬೇಕಾದದ್ದು ಒಣಗಾಲದಲ್ಲಿ. ನವೆಂಬರಿನಿಂದ ಮೇವರೆಗೆ ಒಣ ಎಲೆಯ ಕಾಡಲ್ಲಿ ಉಣುಗು ಹೆಚ್ಚು, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಡೆ ಹೊಸದಲ್ಲ. ಮಂಗ ಸತ್ತ ಸುದ್ದಿ ಬಂದ ಬೆಟ್ಟಕ್ಕೆ ಆ ಋತುವಿನಲ್ಲಿ ಕಾಲಿಡಬಾರದು. ಉಳಿದ ಕಡೆ ಹೋಗುವುದಾದರೂ ಮಂಡಿಯವರೆಗೆ ಕಾಲುಚೀಲ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆ ನೇರ ಬಿಸಿನೀರಿಗೆ. ಸ್ಪರ್ಧೆಯ ಋತುವೂ ಇದೇ ತಿಂಗಳುಗಳಲ್ಲಿ ಬರುವುದರಿಂದ ಕಾಡುದಾರಿ ಮೂರನೆಯ ಸ್ಥಾನಕ್ಕೆ ಇಳಿಯುತ್ತದೆ, ಎಷ್ಟೇ ಚೆಂದವಿದ್ದರೂ.

ಬೇಣ

ಹುಲ್ಲು ಕೊಯ್ದಾದ ಮೇಲಿನ ಬೇಣಕ್ಕೆ ಸಮನಾದದ್ದು ಮತ್ತೊಂದಿಲ್ಲ. ಕ್ರಾಸ್ ಕಂಟ್ರಿ ಓಟ ಕೇಳುವುದೆಲ್ಲ ಅಲ್ಲಿದೆ: ಹುಲ್ಲು, ತಿರುವು, ಏರು, ಅಸಮ ನೆಲ. ವಿಶ್ವ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಸುತ್ತು 1500ರಿಂದ 2000 ಮೀಟರ್ ಇರಬೇಕು, ಪ್ರತಿ ಸುತ್ತಿನಲ್ಲಿ ಒಟ್ಟು ಏರು ಕನಿಷ್ಠ 10 ಮೀಟರ್ ಇದ್ದರೆ ಒಳ್ಳೆಯದು. ದೊಡ್ಡ ಬೇಣ ಸಿಕ್ಕರೆ ಒಂದೂವರೆ ಕಿಲೋಮೀಟರಿನ ಸುತ್ತು ಹಾಕಬಹುದು, ಇಲ್ಲವಾದರೆ 700–800 ಮೀಟರಿನ ಎರಡು ಸುತ್ತು. ಮರದಡಿ ಸುತ್ತಿ ಬರುವಾಗ ಫೋನಿನ ಅಳತೆ ನಂಬುವಂತಿಲ್ಲ. ಸೈಕಲ್ ಗಾಲಿಗೆ ಬಣ್ಣದ ಗುರುತು ಹಾಕಿ, ಒಂದು ಉರುಳನ್ನು ಟೇಪಿನಲ್ಲಿ ಅಳೆದು, ತಳ್ಳಿಕೊಂಡು ಎಣಿಸಿದರೆ ತಪ್ಪು ತೀರ ಕಡಿಮೆ.

ಇಪ್ಪತ್ತು ನಿಮಿಷದ ಬಿಗಿ ಓಟ ಇಲ್ಲಿ ಡಾಂಬರಿಗಿಂತ ಕಿಲೋಮೀಟರಿಗೆ ಅರ್ಧ ನಿಮಿಷದಷ್ಟು ನಿಧಾನ. ಬಡಿತ ಅದೇ, ಮರುದಿನ ಕಾಲು ಹಗುರ. ಆರು ಜೋರು ಓಟ ಮಾಡಿದರೂ ಎರಡೇ ದಿನದಲ್ಲಿ ಮತ್ತೆ ತಯಾರು. ಡಾಂಬರಿನಲ್ಲಿ ಮೂರು, ಒಣ ಮರಳಿನಲ್ಲಿ ಹಿಮ್ಮಡಿ ಒಪ್ಪಿದರೆ ನಾಲ್ಕು. ಹೆಜ್ಜೆ ಹೆಜ್ಜೆಗೂ ಪಾದ ಬೇರೆ ಬೇರೆ ಕೋನದಲ್ಲಿ ಬೀಳುವುದರಿಂದ ಭಾರ ಹಂಚಿಹೋಗುತ್ತದೆ, ಕಾರಣ ಇಷ್ಟೇ. ಅದೇ ಕಾರಣಕ್ಕೆ ಕಣಕಾಲು ಮೊದಲ ಮೂರು ವಾರ ಗೊಣಗುತ್ತದೆ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಅದಕ್ಕೆ ಸಾಕಾದ ಮದ್ದು.

ಓಡುವ ಮೊದಲು ಒಂದು ಸುತ್ತು ನಡೆದೇ ನೋಡಬೇಕು: ಹೆಗ್ಗಣದ ಬಿಲ, ಹುಲ್ಲಿನೊಳಗೆ ತಲೆ ಎತ್ತಿದ ಚಿರೆಕಲ್ಲು, ಅಂಚಿನ ಅಗಳ (ಕಂದಕ). ಬೇಣದ ದಣಪೆ, ಅಂದರೆ ಬೇಲಿಯ ಇಕ್ಕಟ್ಟಾದ ಬಾಗಿಲು, ಒಂದು ವರ. ಸ್ಪರ್ಧೆಯಲ್ಲಿ ಗುಂಪು ಮೊದಲ ಇಕ್ಕಟ್ಟಿಗೆ ಒಟ್ಟಿಗೆ ನುಗ್ಗುತ್ತದೆ, ಅಲ್ಲಿ ಹಿಂದೆ ಉಳಿದವನು ನಿಂತೇಬಿಡುತ್ತಾನೆ. ದಣಪೆಯಿಂದ 150 ಮೀಟರ್ ಹಿಂದೆ ನಿಂತು, ಜೋರಾಗಿ ಹೊರಟು, ಅದನ್ನು ದಾಟಿ, ನಿಲ್ಲದೆ ಸ್ಪರ್ಧೆಯ ವೇಗಕ್ಕೆ ಇಳಿಯುವುದನ್ನು ನಾಲ್ಕು ಸಲ ಮಾಡಿದರೆ ಆ ಗಡಿಬಿಡಿ ಮೈಗೆ ಒಗ್ಗುತ್ತದೆ. ವಯಸ್ಸಾದವರು ಆರಂಭದಲ್ಲೇ ಸೋಲುವುದು ಹೆಚ್ಚು. ಬಿಸಿಯಾಗಲು ಇಪ್ಪತ್ತು ನಿಮಿಷ ಬೇಕಾದವರು ಐದು ನಿಮಿಷಕ್ಕೇ ಗೆರೆಗೆ ಬಂದು ನಿಲ್ಲುತ್ತಾರೆ.

ಕಾರವಾರದವರು ಇದಕ್ಕಾಗಿ ವಾರವಾರ ಘಟ್ಟ ಹತ್ತಲಾರರು. ಕರಾವಳಿಯಲ್ಲಿ ಸಿಗುವ ಬದಲಿ ಅಂದರೆ ಡಿಸೆಂಬರಿನ ನಂತರದ ಕೊಯ್ದ ಗದ್ದೆ. ಅಂಕೋಲಾ, ಕುಮಟಾ ಕಡೆ ಎರಡನೆಯ ಬೆಳೆಗೆ ಶೇಂಗಾ ಹಾಕುವ ಗದ್ದೆಗಳಿರುತ್ತವೆ, ಒಡೆಯರನ್ನು ಕೇಳದೆ ಇಳಿಯಬಾರದು. ಅಂಚು ಹಾರುವುದು ಒಳ್ಳೆಯ ಅಭ್ಯಾಸ. ಒಣಗಿ ಬಿರಿದ ಗದ್ದೆಯ ಬಿರುಕಿನಲ್ಲಿ ಮಾತ್ರ ಮುಂಗಾಲು ಸಿಕ್ಕಿಕೊಳ್ಳುತ್ತದೆ, ಕತ್ತಲಲ್ಲಿ ಬೇಡ.

ಹವೆಯಲ್ಲೂ ಶಿರಸಿಗೆ ಮೇಲುಗೈ. ಕಡಲಂಚಿನ ತೇವದಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈ ತಣಿಸುವುದಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಿಸಿಲಿಗೆ ಸಿಕ್ಕಿ 38 ಮಂದಿಯಲ್ಲಿ 15 ಮಂದಿ ಮಾತ್ರ ಕ್ರಾಸ್ ಕಂಟ್ರಿ ಮುಗಿಸಿದರು, ಗೆದ್ದವನು ಪಾವೊ ನುರ್ಮಿ. ಆಮೇಲೆ ಈ ಓಟ ಒಲಿಂಪಿಕ್ಸ್‌ಗೆ ಮರಳಲೇ ಇಲ್ಲ. ಕಾರವಾರದ ಮಾರ್ಚಿನಲ್ಲಿ ಏಳು ಗಂಟೆಯ ನಂತರ ಜೋರು ಓಟ ಇಟ್ಟುಕೊಳ್ಳುವವರು ಇದನ್ನು ನೆನಪಿಡಲಿ.

ಕಾಲಿಗೇನು

ಮುಳ್ಳುಶೂ (ಅಡಿಗೆ ಲೋಹದ ಮುಳ್ಳು ತಿರುಪಿದ ಸ್ಪೈಕ್ಸ್), ರಸ್ತೆಯ ಶೂ, ಕಾಡುದಾರಿಯ ಶೂ ಮೂರನ್ನೂ ಬೇಣದ ಮೇಲೆ ಹಾಕಿ ನೋಡಿದರೆ ಗೆಲ್ಲುವುದು ಮೂರನೆಯದು, ಅಡಿಯ ಹಲ್ಲು ನಾಲ್ಕೈದು ಮಿಲಿಮೀಟರ್ ಇರುವಂಥದ್ದು. ರಸ್ತೆಯ ಶೂ ಇಬ್ಬನಿ ಹುಲ್ಲಿನ ತಿರುವಿನಲ್ಲಿ ಜಾರುತ್ತದೆ. ಮುಳ್ಳುಶೂ ಹಗುರ, ತಿರುವಿನಲ್ಲಿ ಅದರಂಥದ್ದಿಲ್ಲ, ಆದರೆ ಹಿಮ್ಮಡಿಯ ಎತ್ತರ ತೀರ ಕಡಿಮೆ. ರಸ್ತೆಯ ಶೂನಿಂದ ಒಮ್ಮೆಗೇ ಅದಕ್ಕೆ ಹಾರಿದರೆ ಅಕಿಲಿಸ್ ಕೂಗುತ್ತದೆ. ಸ್ಪರ್ಧೆಗೆ ಅದೇ ಬೇಕು ಎನ್ನುವವರು ಆರು ವಾರ ಮೊದಲಿನಿಂದ, ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ ಒಗ್ಗಿಸಿಕೊಳ್ಳಬೇಕು. ಮಳೆ ನಿಂತ ಹೊಸದರಲ್ಲಿ ಮೆತ್ತನೆಯ ನೆಲಕ್ಕೆ 12 ಮಿಲಿಮೀಟರ್ ಮುಳ್ಳು, ಜನವರಿಯ ಗಟ್ಟಿ ನೆಲಕ್ಕೆ 6. ಉಪ್ಪುಗಾಳಿಗೆ ತಿರುಪು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಋತು ಮುಗಿದೊಡನೆ ಬಿಚ್ಚಿ, ಗ್ರೀಸು ಹಚ್ಚಿ ಡಬ್ಬಿಯಲ್ಲಿಡಿ. ಮರಳಿಗೆ ಹೋದ ಶೂವನ್ನು ಸಿಹಿನೀರಲ್ಲಿ ತೊಳೆದು, ಪೇಪರು ತುರುಕಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ.

ಅಕಿಲಿಸ್ ಆಗಲೇ ಬೆಳಿಗ್ಗೆ ಬಿಗಿಯುತ್ತಿದ್ದರೆ ಮರಳು, ಏರು, ಮುಳ್ಳುಶೂ ಮೂರೂ ಬಂದ್. ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವ ವ್ಯಾಯಾಮ, ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಾಗಿಸಿ ಅಷ್ಟೇ, ದಿನಕ್ಕೆರಡು ಹೊತ್ತು, ಹನ್ನೆರಡು ವಾರ. ಈ ಹನ್ನೆರಡು ವಾರದಲ್ಲಿ ಸಪಾಟು ಡಾಂಬರಿನ ಹಗುರ ಓಟವೇ ಎಲ್ಲಕ್ಕಿಂತ ಸುರಕ್ಷಿತ, ಏಕೆಂದರೆ ಅಲ್ಲಿ ಹಿಮ್ಮಡಿ ತಗ್ಗಿಗೆ ಇಳಿಯುವುದಿಲ್ಲ.

ಇವನ್ನೆಲ್ಲ ಏಳು ದಿನದ ವಾರಕ್ಕೆ ತುರುಕಲು ಹೋಗಬೇಡಿ. ಹತ್ತು ದಿನದ ಸುತ್ತು ಹಾಕಿಕೊಳ್ಳಿ. ಮೊದಲ ದಿನ ಬೇಣ ಅಥವಾ ಗದ್ದೆಯಲ್ಲಿ ಆರು ಜೋರು ಓಟ, ಐದನೆಯ ದಿನ ಏರು, ಎಂಟನೆಯ ದಿನ ಎಪ್ಪತ್ತೈದು ನಿಮಿಷದ ಉದ್ದ ಓಟ. ನಡುವೆ ಎರಡು ದಿನ ಪೂರ್ತಿ ವಿಶ್ರಾಂತಿ, ಉಳಿದದ್ದು ಒದ್ದೆ ಮರಳಿನ ಹಗುರ ಓಟ, ತಿಥಿ ಕೂಡಿಬಂದರೆ. ಡಾಂಬರಿನ ಬಿಗಿ ಓಟ ಎರಡು ಸುತ್ತಿಗೊಮ್ಮೆ ಏರಿನ ಜಾಗಕ್ಕೆ ಬರಲಿ, ಅದರ ಜೊತೆಗಲ್ಲ.