ಗಾಡಿ ವೈರಿಂಗ್‌ಗೆ ಯಾವುದು: ಟೆಸ್ಟ್ ಲ್ಯಾಂಪ್, ಹಳದಿ ಮೀಟರ್, ಆಟೋರೇಂಜ್, ಕ್ಲ್ಯಾಂಪ್?

ಕಲಿಯುವವರಿಗೆ ಅಂಗಡಿಯಲ್ಲಿ ಸಿಗುವ ಆಯ್ಕೆ ನಾಲ್ಕು. 12 ವೋಲ್ಟ್ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್, ಎಲ್ಲೆಡೆ ಸಿಗುವ ಅಗ್ಗದ ಹಳದಿ ಮಲ್ಟಿಮೀಟರ್ ಡಿಟಿ830ಡಿ, ರೇಂಜನ್ನು ತಾನೇ ಆರಿಸಿಕೊಳ್ಳುವ ಆಟೋರೇಂಜ್ ಮೀಟರ್, ವೈರ್ ಕಳಚದೆ ಅದರ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್. ಒಂದೇ ಬಗೆಯ ತೊಂದರೆಗಳ ಮೇಲೆ ನಾಲ್ಕನ್ನೂ ಬಳಸಿ ನೋಡಿದರೆ, ಬೆಲೆ ಹೆಚ್ಚಿದಷ್ಟೂ ಉಪಯೋಗ ಹೆಚ್ಚು ಎನ್ನುವ ಲೆಕ್ಕ ತಪ್ಪುತ್ತದೆ.

ಮಂಕಾಗಿ ಉರಿಯುವ ಹೆಡ್‌ಲೈಟ್ ತೆಗೆದುಕೊಳ್ಳಿ. ಬಲ್ಬ್ ಕಳಚಿ ಹೋಲ್ಡರ್‌ಗೆ ಪ್ರೋಬ್ ಇಟ್ಟರೆ ಹಳದಿ, ಆಟೋರೇಂಜ್ ಎರಡೂ ಮೀಟರ್ 12.5 ತೋರಿಸುತ್ತವೆ, ಹೊಸಬರು ಬಲ್ಬನ್ನು ದೂರುತ್ತಾರೆ. ಹಳದಿ ಮೀಟರಿನ ಒಳಗಿನ ರೆಸಿಸ್ಟೆನ್ಸ್ 1 ಮೆಗಾಓಮ್, ಆಟೋರೇಂಜ್‌ನದು ಸಾಮಾನ್ಯವಾಗಿ 10 ಮೆಗಾಓಮ್. ಇಷ್ಟರಲ್ಲಿ ಕರೆಂಟೇ ಹರಿಯುವುದಿಲ್ಲ, ಹಾಗಾಗಿ ಒಂದೇ ಎಳೆ ಉಳಿದ ವೈರ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. 21 ವ್ಯಾಟಿನ ಇಂಡಿಕೇಟರ್ ಬಲ್ಬಿನ ಟೆಸ್ಟ್ ಲ್ಯಾಂಪ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಕೆಟ್ಟ ವೈರಾದರೆ ಅಲ್ಲೇ ಮಂಕಾಗುತ್ತದೆ. ಈ ಒಂದು ಕೆಲಸದಲ್ಲಿ ಮೂರೂ ಮೀಟರ್‌ಗಳನ್ನು ಲ್ಯಾಂಪ್ ಸೋಲಿಸುತ್ತದೆ.

ಆದರೆ ನಷ್ಟ ಎಲ್ಲಿ, ಎಷ್ಟು ಎಂದು ಲ್ಯಾಂಪ್ ಹೇಳದು. ಅದಕ್ಕೆ ವೋಲ್ಟೇಜ್ ಡ್ರಾಪ್ ನೋಡಬೇಕು. ಲೈಟ್ ಉರಿಯುತ್ತಿರುವಾಗಲೇ ಕೆಂಪು ಪ್ರೋಬ್ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಪ್ರೋಬ್ ಹೋಲ್ಡರಿನ ಪಾಸಿಟಿವ್ ಪಿನ್ನಿಗೆ. ಬರುವ ಅಂಕಿಯೇ ದಾರಿಯಲ್ಲಿ ಹೋದ ವೋಲ್ಟೇಜ್. ಅರ್ತ್ ಕಡೆಯೂ ಹೀಗೆಯೇ, ಹೋಲ್ಡರಿನ ಅರ್ತ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ. 55 ವ್ಯಾಟಿನ ಬಲ್ಬಿಗೆ ಕಪ್ಲರ್‌ನಲ್ಲಿ (ವೈರ್ ಕೂಡಿಸುವ ಪ್ಲಗ್) ತುಕ್ಕಿನಿಂದ ಅರ್ಧ ಓಮ್ ರೆಸಿಸ್ಟೆನ್ಸ್ ಬಂದರೆ ಸಾಕು, ಹತ್ತಿರ ಹತ್ತಿರ 2 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಈ ಪರೀಕ್ಷೆಯಲ್ಲಿ ಹಳದಿ ಮೀಟರ್ ಎಲ್ಲೂ ಹಿಂದೆ ಬೀಳುವುದಿಲ್ಲ: 20 ವೋಲ್ಟ್ ರೇಂಜ್‌ನಲ್ಲಿ 0.01 ವೋಲ್ಟ್‌ವರೆಗೆ ಓದುತ್ತದೆ. ಆಟೋರೇಂಜ್ ಮಿಲಿವೋಲ್ಟ್‌ಗೂ ವೋಲ್ಟ್‌ಗೂ ಹಾರಾಡುತ್ತ ದಶಮಾಂಶದ ಬಿಂದುವನ್ನೇ ಅತ್ತಿತ್ತ ಮಾಡುತ್ತದೆ. ಅದರಲ್ಲಿ ರೇಂಜ್ ಲಾಕ್ ಮಾಡುವ ಬಟನ್ ಇಲ್ಲದಿದ್ದರೆ ಕಲಿಯುವವರು ಕೊಳ್ಳದಿರುವುದೇ ವಾಸಿ.

ಸೆಲ್ಫ್ ಹೊಡೆಯುವಾಗ ಲೆಕ್ಕ ಬೇರೆ. ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು, ಪಾಸಿಟಿವ್ ಕೇಬಲ್‌ನಲ್ಲಿ 0.5, ಎಂಜಿನ್ ಬ್ಲಾಕಿನಿಂದ ಬ್ಯಾಟರಿ ನೆಗೆಟಿವ್‌ಗೆ 0.2 ವೋಲ್ಟಿಗಿಂತ ಹೆಚ್ಚು ಬೀಳಬಾರದು. ಬ್ಯಾಟರಿ 10ರ ಮೇಲೆ ನಿಂತಿದ್ದೂ ಸೆಲ್ಫ್ ಮುಲುಗಿದರೆ ಮೊದಲು ಕೇಬಲ್, ಅರ್ತ್ ನೋಡಿ. ಮೀಟರಿನ ಅಂಕಿ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಬದಲಾಗುವುದರಿಂದ ಮಿನ್-ಮ್ಯಾಕ್ಸ್ (ಕನಿಷ್ಠ, ಗರಿಷ್ಠ ಅಂಕಿಯನ್ನು ಹಿಡಿದಿಡುವ ಸೌಲಭ್ಯ) ಇರುವ ಆಟೋರೇಂಜ್ ಇಲ್ಲಿ ಗೆಲ್ಲುತ್ತದೆ.

ಚಾರ್ಜಿಂಗ್ ಕರೆಂಟ್ ಹುಟ್ಟಿಸುವ, ಮೂರು ಹಳದಿ ವೈರಿನ ಕಾಯಿಲ್ ಇರುವ ಬೈಕಿನಲ್ಲೂ ಆಟೋರೇಂಜೇ ಮೇಲು. ಎರಡೆರಡು ವೈರಿನ ನಡುವೆ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಓಮ್‌ಗೂ ಕಡಿಮೆ, ಅಗ್ಗದ ಪ್ರೋಬ್ ವೈರುಗಳೇ 0.3ರಿಂದ 0.5 ಓಮ್ ತಿನ್ನುತ್ತವೆ. ಮೊದಲು ಎರಡು ಪ್ರೋಬ್ ಜೋಡಿಸಿ ಬಂದದ್ದನ್ನು ಕಳೆಯಿರಿ, ಅಥವಾ ಆಟೋರೇಂಜ್‌ನ ರಿಲೇಟಿವ್ ಬಟನ್ ಒತ್ತಿ. ಯಾವ ವೈರೂ ಗಾಡಿಯ ಬಾಡಿಯ ಜೊತೆ ಕಂಟಿನ್ಯೂಟಿ (ಸಂಪರ್ಕ) ತೋರಿಸಬಾರದು. ಕಪ್ಲರ್ ಕಳಚಿ ಎಂಜಿನ್ ಓಡಿಸಿ ಎಸಿ ವೋಲ್ಟೇಜ್ ಅಳೆದಾಗ ಮೂರು ಜೋಡಿಯೂ ಸಮನಾಗಿರಬೇಕು. ಹಳದಿ ಮೀಟರ್ ಇಲ್ಲಿ ನಿಖರ ಅಂಕಿ ಕೊಡದಿದ್ದರೂ ಹೋಲಿಸಿ ನೋಡಲು ಸಾಕು.

ರಾತ್ರಿ ನಿಂತ ಕಾರಿನ ಬ್ಯಾಟರಿ ಇಳಿಯುತ್ತಿದ್ದರೆ ಡಿಸಿ ಕ್ಲ್ಯಾಂಪ್‌ಗೆ ಬೆಲೆ ಬರುತ್ತದೆ. ಕೊಳ್ಳುವಾಗ ಎಚ್ಚರ: ಮನೆ ವೈರಿಂಗ್‌ನವರು ಹಿಡಿಯುವ ಹಲವು ಕ್ಲ್ಯಾಂಪ್‌ಗಳು ಎಸಿ ಕರೆಂಟನ್ನಷ್ಟೇ ಅಳೆಯುತ್ತವೆ. ಯುನಿ-ಟಿಯ ಯುಟಿ210ಇ 2 ಆಂಪಿಯರ್ ರೇಂಜ್‌ನಲ್ಲಿ 1 ಮಿಲಿಆಂಪಿಯರ್‌ವರೆಗೆ ಓದುತ್ತದೆ, ಆದರೆ ಅದರ ಮಿತಿ 100 ಆಂಪಿಯರ್, ಕಾರಿನ ಸೆಲ್ಫಿಗೆ ಸಾಲದು. ಅಳೆಯುವ ಜಾಗದಲ್ಲೇ ಜೀರೋ ಒತ್ತಿ. ಕ್ಲ್ಯಾಂಪನ್ನು ತಿರುಗಿಸಿದರೂ ಅಂಕಿ ಸರಿಯುತ್ತದೆ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟರೆ ಹೆಚ್ಚಿನ ಕಾರುಗಳು 50 ಮಿಲಿಆಂಪಿಯರ್ ಒಳಗೆ ಬರಬೇಕು.

ಕ್ಲ್ಯಾಂಪ್ ಇಲ್ಲವೇ? ಹಳದಿ ಮೀಟರನ್ನು 200 ಮಿಲಿವೋಲ್ಟ್‌ಗೆ ಇಟ್ಟು, ಕಳಚದೆಯೇ ಪ್ರತಿ ಫ್ಯೂಸಿನ ತಲೆಯ ಎರಡು ಲೋಹದ ಚುಕ್ಕೆಗಳಿಗೆ ಪ್ರೋಬ್ ತಾಗಿಸಿ. 10 ಆಂಪಿಯರ್ ಬ್ಲೇಡ್ ಫ್ಯೂಸಿನಲ್ಲಿ 0.1 ಮಿಲಿವೋಲ್ಟ್ ಎಂದರೆ ಸುಮಾರು 13 ಮಿಲಿಆಂಪಿಯರ್. ಯಾವ ಸರ್ಕ್ಯೂಟ್ ಎಂಬುದೂ ಗೊತ್ತಾಗುತ್ತದೆ, ಕ್ಲ್ಯಾಂಪ್ ಇದನ್ನು ನೇರವಾಗಿ ಹೇಳದು.

ಹಳದಿ ಮೀಟರಿನ ನಿಜವಾದ ಅಪಾಯ 10 ಆಂಪಿಯರ್ ತೂತು. ಹಲವದರಲ್ಲಿ ಅದಕ್ಕೆ ಫ್ಯೂಸೇ ಇಲ್ಲ. ಕರೆಂಟ್ ಅಳೆದು, ಕೆಂಪು ಪ್ರೋಬನ್ನು ಅಲ್ಲೇ ಮರೆತು ಬ್ಯಾಟರಿಗೆ ಇಟ್ಟರೆ ನೇರ ಶಾರ್ಟ್, ವೈರ್ ಕರಗುತ್ತದೆ. ಒಳಗಿನ 9 ವೋಲ್ಟ್ ಸೆಲ್ ಸೊರಗಿದಾಗ ಈ ಮೀಟರ್ ಇದ್ದುದಕ್ಕಿಂತ ಹೆಚ್ಚೂ ತೋರಿಸುತ್ತದೆ: ಚಾರ್ಜಿಂಗ್ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಬದಲಿಸುವ ಮೊದಲು ಸೆಲ್ ಬದಲಿಸಿ. ಬಲ್ಬಿನ ಲ್ಯಾಂಪನ್ನಂತೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್, ಏರ್‌ಬ್ಯಾಗ್ ವೈರಿಗೆ ಮುಟ್ಟಿಸಲೇಬೇಡಿ.

ಬೈಕ್ ಕೆಲಸ ಕಲಿಯುವವರಿಗೆ ಲ್ಯಾಂಪ್ ಮತ್ತು ಹಳದಿ ಮೀಟರ್ ಜೋಡಿ ಸಾಕು. ಕಾಯಿಲ್ ಕೆಲಸ ದಿನವೂ ಬರತೊಡಗಿದಾಗ ಆಟೋರೇಂಜ್ ತನ್ನಿ. ಕಾರಿನವರು ನೇರ ಡಿಸಿ ಕ್ಲ್ಯಾಂಪಿಗೇ ಹೋಗಬಹುದು, ಅದರಲ್ಲಿ ಸಾಮಾನ್ಯವಾಗಿ ವೋಲ್ಟ್, ಓಮ್ ಎರಡೂ ಇರುತ್ತವೆ. ಯಾವುದೇ ಕೊಂಡರೂ ಕ್ರೊಕಡೈಲ್ ಕ್ಲಿಪ್ಪಿನ ಒಂದು ಜೊತೆ ವೈರ್ ಸೇರಿಸಿಕೊಳ್ಳಿ. ಸೆಲ್ಫ್ ಹೊಡೆಯುವಾಗ ಪ್ರೋಬ್ ಹಿಡಿಯಲು ಮೂರನೇ ಕೈ ಇರುವುದಿಲ್ಲ.