ಹ್ಯೂಮನ್ ಫಾಲ್ ಫ್ಲಾಟ್: ಬಿದ್ದಾಗ ಯಾರ ಮೇಲೆ ಸಿಟ್ಟು?

ಹ್ಯೂಮನ್ ಫಾಲ್ ಫ್ಲಾಟ್ 2016ರಲ್ಲಿ ಪಿಸಿಗೆ ಬಂದ ವಿಡಿಯೊ ಗೇಮ್. ಮಾಡಿದ್ದು ಲಿಥುವೇನಿಯಾದ ನೋ ಬ್ರೇಕ್ಸ್ ಗೇಮ್ಸ್. ಬಹಳ ಕಾಲದಿಂದ ಆಡುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ. ಸಿಟ್ಟು ಮಾತ್ರ ಆಗಾಗ ಬರುತ್ತದೆ. ಖುಷಿ, ಸಿಟ್ಟು ಎರಡಕ್ಕೂ ಕಾರಣ ಒಂದೇ: ನಾವು ಆಡಿಸುವ ಪಾತ್ರದ ಎರಡು ಕೈಗಳು.

ಜಿಗಿದು ಜಿಗಿದು ಅಡ್ಡಿ ದಾಟುವ ಮಾಮೂಲಿ ಪ್ಲಾಟ್‌ಫಾರ್ಮ್ ಗೇಮ್‌ಗಳಲ್ಲಿ ಬಟನ್ ಒತ್ತಿದರೆ ಜಿಗಿತ. ಎಷ್ಟು ಎತ್ತರ ಹೋಗುತ್ತದೆ ಅಂತ ಬೇಗ ಅಂದಾಜು ಸಿಕ್ಕಿಬಿಡುತ್ತದೆ. ಇಲ್ಲಿ ಹಾಗಲ್ಲ. ಬಾಬ್ ಅನ್ನೋ ಮೆತ್ತನೆ ಮೈಯ ಬಿಳಿ ಮನುಷ್ಯನಿಗೆ ತೂಕ ಇದೆ, ಓಲಾಟ ಇದೆ. ಮೌಸ್‌ನ ಎಡ ಬಟನ್ ಎಡಗೈ, ಬಲ ಬಟನ್ ಬಲಗೈ. ಒತ್ತಿದರೆ ಕೈ ಚಾಚುತ್ತಾನೆ, ತಾಗಿದ್ದನ್ನು ಹಿಡಿದುಕೊಳ್ಳುತ್ತಾನೆ. ಗೋಡೆ ಹತ್ತಬೇಕು ಅಂದರೆ ಮೇಲೆ ನೋಡುತ್ತಾ ಎರಡೂ ಕೈ ಚಾಚಿ, ಜಿಗಿದು ಅಂಚು ಹಿಡಿಯಬೇಕು. ಆಮೇಲೆ ಹಿಡಿತ ಬಿಡದೆ ಮೌಸನ್ನು ಕೆಳಕ್ಕೆಳೆದು, ಮುಂದಕ್ಕೆ ನಡೆಸಬೇಕು. ಆಗ ಮೈ ಮೇಲೇರುತ್ತದೆ. ಒಂದು ಗೋಡೆಗೆ ಇಷ್ಟೆಲ್ಲ ಬೇಕಾ ಅಂತ ಮೊದಲು ಅನ್ನಿಸುತ್ತದೆ. ಅಭ್ಯಾಸವಾದ ಮೇಲೆ, ನಿಜವಾಗಿಯೂ ನಾವೇ ಹತ್ತಿದ ಹಾಗೆ ಇರುತ್ತದೆ.

ಇನ್ನೊಂದು ದೊಡ್ಡ ಆಕರ್ಷಣೆ ಅಂದರೆ ಬಹಳ ಕಡೆ ಇದೇ ಸರಿಯಾದ ದಾರಿ ಅಂತ ಇಲ್ಲ. ಬಾಗಿಲು ತೆಗೆಯೋಕೆ ಒಂದು ಉಪಾಯ ಇಟ್ಟಿರುತ್ತಾರೆ. ನೀವು ಒಂದು ಹಲಗೆ ಎಳೆದು ತಂದು ಗೋಡೆಗೆ ಒರಗಿಸಿ ದಾಟಿದರೂ ಆಟ ಬೇಡ ಅನ್ನೋದಿಲ್ಲ. ಕೋಟೆಯ ಲೆವೆಲ್‌ನಲ್ಲಿ ಕವಣೆಯಂತ್ರ ಇದೆ. ಕಲ್ಲಿನ ಬದಲು ನೀವೇ ಅದರಲ್ಲಿ ಕೂತು ಹಾರಬಹುದು! ವಸ್ತುಗಳಿಗೆ ತೂಕ, ಜಾರಿಕೆ, ವೇಗ ಇರೋದರಿಂದಲೇ ಇದೆಲ್ಲ ಸಾಧ್ಯ.

ಈಗ ತಕರಾರು. ಕೈ ಎಷ್ಟು ಎತ್ತರಕ್ಕೆ ಏಳಬೇಕು ಅನ್ನೋದು ನೀವು ಎಲ್ಲಿ ನೋಡುತ್ತಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಪೆಟ್ಟಿಗೆ ಎತ್ತಿಕೊಂಡು ಕಿರಿದಾದ ತೊಲೆಯ ಮೇಲೆ ನಡೆಯುವಾಗ ಕಾಲ ಕೆಳಗೆ ನೋಡಬೇಕು, ಅಲ್ವಾ? ನೋಡಿದ ತಕ್ಷಣ ಕೈಯೂ ಇಳಿಯುತ್ತದೆ, ಪೆಟ್ಟಿಗೆ ತೊಲೆಗೆ ತಾಗುತ್ತದೆ, ಬಾಬ್ ಕೆಳಗೆ. ಇಲ್ಲಿ ಬಿದ್ದಿದ್ದು ನನ್ನ ಲೆಕ್ಕ ತಪ್ಪಿದ್ದಕ್ಕಲ್ಲ, ಕಣ್ಣಿಗೂ ಕೈಗೂ ಒಂದೇ ಮೌಸ್ ಕೊಟ್ಟಿದ್ದಕ್ಕೆ. ನನಗೆ ಸಹಿಸೋಕಾಗದಿರೋದು ಹೀಗೆ ಬೀಳೋದೇ.

ಇದನ್ನು 2017ರ ಗೆಟ್ಟಿಂಗ್ ಓವರ್ ಇಟ್ ಅನ್ನೋ ಆಟದ ಜೊತೆ ಇಟ್ಟು ನೋಡಿ. ಹಂಡೆಯೊಳಗೆ ಕೂತವನು ಸುತ್ತಿಗೆಯೊಂದನ್ನೇ ನಂಬಿ ಬೆಟ್ಟ ಹತ್ತುತ್ತಾನೆ. ಚೆಕ್‌ಪಾಯಿಂಟ್, ಅಂದರೆ ಬಿದ್ದರೆ ಮತ್ತೆ ಅಲ್ಲಿಂದಲೇ ಶುರು ಮಾಡುವ ಜಾಗ, ಇಲ್ಲವೇ ಇಲ್ಲ. ಕೊನೆಯ ಹತ್ತಿರ ಇರೋ ಹಾವನ್ನು ಹಿಡಿದು ಜಾರಿದರೆ ನೇರ ಶುರುವಿಗೆ. ಅದು ಇದಕ್ಕಿಂತ ಎಷ್ಟೋ ಕ್ರೂರಿ. ಆದರೂ ನನ್ನ ಪ್ರಕಾರ ನ್ಯಾಯ ಅಲ್ಲೇ ಜಾಸ್ತಿ. ಮೌಸ್ ಹೋದ ಕಡೆ ಸುತ್ತಿಗೆ ಹೋಗುತ್ತದೆ, ಅಷ್ಟೇ. ಬಿದ್ದರೆ ಕೈಯ ಅಳತೆ ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತದೆ. ಮುಂದಿನ ಸಲ ತಿದ್ದಿಕೊಳ್ಳಬಹುದು.

ಹ್ಯೂಮನ್ ಫಾಲ್ ಫ್ಲಾಟ್ ಉಳಿದುಕೊಳ್ಳೋದು ಅದರ ಮೃದು ಮನಸ್ಸಿನಿಂದ. ಬಿದ್ದವನು ಆಕಾಶದಿಂದ ತಿರುಗಿ ಹಿಂದಿನ ಚೆಕ್‌ಪಾಯಿಂಟ್ ಹತ್ತಿರವೇ ಬಂದು ಬೀಳುತ್ತಾನೆ. ನಷ್ಟ ಕಮ್ಮಿ. ಹಾಗಾಗಿ ಹೊಸದೇನಾದರೂ ಮಾಡಿ ನೋಡೋಣ ಅನ್ನೋ ಧೈರ್ಯ ಬರುತ್ತದೆ.

ಆನ್‌ಲೈನ್‌ನಲ್ಲಿ ಎಂಟು ಜನ ಸೇರಬಹುದು. ನನಗೆ ಇಬ್ಬರೇ ಇಷ್ಟ. ನೀರಿನ ಲೆವೆಲ್‌ನಲ್ಲಿ ಒಬ್ಬನೇ ದೋಣಿಗೆ ಹುಟ್ಟು ಹಾಕೋದು ತಲೆನೋವು. ತಂಗಿ ಒಂದು ಹುಟ್ಟು, ನಾನು ಒಂದು ಹುಟ್ಟು ಹಿಡಿದರೆ, ಮಾತಾಡಿಕೊಂಡು ತಾಳ ಹೊಂದಿಸಬೇಕಾಗುತ್ತದೆ. ಈ ಆಟದಲ್ಲಿ ನಾನು ಹೆಚ್ಚು ನಕ್ಕಿರೋದು ಅಲ್ಲೇ.

ಮೊಬೈಲ್‌ನಲ್ಲೂ ಸಿಗುತ್ತದೆ, ಆದರೆ ಗಾಜಿನ ಮೇಲೆ ಎರಡು ಕೈಯ ಹಿಡಿತ ನನಗೆ ಒಗ್ಗಲಿಲ್ಲ. ಪಿಸಿಯಲ್ಲಿ ತಗೊಳ್ಳಿ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ವರ್ಕ್‌ಶಾಪ್ ವಿಭಾಗದಲ್ಲಿ ಆಟಗಾರರೇ ಮಾಡಿದ ಲೆವೆಲ್‌ಗಳು ರಾಶಿ ಇವೆ. ಕರಾರುವಾಕ್ಕು ಜಿಗಿತವೇ ಬೇಕು ಅನ್ನೋರಿಗೆ ಇದು ಬೇಡ. ಜೊತೆಗೆ ಆಡೋಕೆ ಒಬ್ಬರು ಇದ್ದರೆ ಯೋಚನೆ ಮಾಡದೆ ತಗೊಳ್ಳಬಹುದು.